ಯಾರೂ ಎಂತದೂ ಮಾಡದ ಊರು

ನಮ್ಮ ಶಾಲೆಯ ಸುತ್ತಲಿನ ಕೇರಿಗಳಲ್ಲಿ ಒಬ್ಬರಿಗೂ ಯಾವ ಕೆಲಸವೂ ಬರುವುದಿಲ್ಲ ಎಂದು ನಾನೊಮ್ಮೆ ಲಿಖಿತವಾಗಿ ಸಾಬೀತು ಮಾಡಿದ್ದೆ. ತಮಾಷೆ ಅಲ್ಲ. ಮನೆಮನೆ ತಿರುಗಿ, ಎರಡು ಕೊಡೆ ಮುರಿದುಕೊಂಡು, ಒಂದು ನಾಯಿಯಿಂದ ಅಟ್ಟಿಸಿಕೊಂಡು ತಯಾರಿಸಿದ ದಾಖಲೆ ಅದು.

ಶಾಲೆ ಇದ್ದದ್ದು ಹೊನ್ನಾವರದಲ್ಲಿ, ಶರಾವತಿ ಸಮುದ್ರಕ್ಕೆ ಸೇರುವ ಅಳಿವೆಯ ಕಡೆ. ನಾನು ಭಟ್ಕಳದ ಪಕ್ಕದ ಮುಟ್ಟಳ್ಳಿಯವಳು. ಬೆಳಿಗ್ಗೆ ಭಟ್ಕಳದಲ್ಲಿ ಬಸ್ಸು ಹತ್ತಿ ಬಂದು, ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು, ಸಂಜೆ ಅದೇ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ವಾಪಸು ಹೋಗುವವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ವಯಸ್ಸು ಎಷ್ಟೇ ಆಗಲಿ, ಸಿಟ್ಟು ಎಷ್ಟೇ ಇರಲಿ, ಅಕ್ಕೋರೇ.

ಆ ವರ್ಷ ನನ್ನ ತಲೆಗೊಂದು ಹುಳ ಹೊಕ್ಕಿತ್ತು. ಶನಿವಾರ ಹೇಗೂ ಅರ್ಧ ದಿನದ ಶಾಲೆ. ಮಧ್ಯಾಹ್ನದ ಮೇಲೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಊರಿನ ಕಸುಬುದಾರರ ಹತ್ತಿರ ಹೋಗಿ ಕೆಲಸ ಕಲಿಯಲಿ, ವರ್ಷದ ಕೊನೆಗೆ ಶಾಲೆಯಿಂದ ಒಂದು ಪ್ರಮಾಣಪತ್ರ ಕೊಡುವ ಎಂದು. ಹೆಡ್ ಮಾಸ್ತರರು ಬಹಳ ಒಳ್ಳೆಯ ಮನುಷ್ಯ. ಯಾವುದಕ್ಕೂ ಬೇಡ ಎನ್ನುವವರಲ್ಲ, ಫಾರ್ಮ್ ಮಾಡಿ ಎನ್ನುವವರು. "ಆತು ಅಕ್ಕೋರೆ, ಒಂದು ಫಾರ್ಮ್ ಮಾಡಿ" ಎಂದರು. ಮಾಡಿದೆ. ಹೆಸರು, ಕಸುಬು, ಮನೆಯಲ್ಲಿರುವ ಯಂತ್ರ ಮತ್ತು ಸಾಮಾನು, ಎಷ್ಟು ಮಕ್ಕಳಿಗೆ ಕಲಿಸಬಲ್ಲಿರಿ. ಅಷ್ಟರಲ್ಲೇ ಬಿಟ್ಟಿದ್ದರೆ ಬದುಕುತ್ತಿದ್ದೆ. ಅವರು ಕೂತು ಒಂದೊಂದು ಫಾರ್ಮಿಗೂ ನೇರಳೆ ಮಸಿಯ ದುಂಡು ಸೀಲು ಒತ್ತಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮೊದಲ ಮನೆಯಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದಳು. ಹಿಂದೆ ಹಗ್ಗದ ಸುರುಳಿಗಳನ್ನು ಮಾಡಿನವರೆಗೆ ಪೇರಿಸಿಟ್ಟಿದ್ದಳು. ನಾನು ಫಾರ್ಮ್ ತೆಗೆದೆ. ಅಜ್ಜಿ ಸೀಲು ನೋಡಿದಳು.

"ನಂಗೆ ಎಂತದೂ ಬರುದಿಲ್ಲ ಅಕ್ಕೋರೆ."

"ಮತ್ತೆ ಕೈಯಲ್ಲಿ ಇದ್ದದ್ದು ಎಂತ?"

"ಇದಾ? ಇದು ಸುಮ್ನೆ, ಹೊತ್ತು ಹೋಗುಕೆ."

ಎರಡನೇ ಮನೆಯಲ್ಲಿ ಹೊಲಿಗೆಯಾಕೆ. ನಾನು ಅಂಗಳಕ್ಕೆ ಬರುವಾಗ ಟಕಟಕ ಎನ್ನುತ್ತಿದ್ದ ಮಿಷನ್ನು ಹೊಸಿಲು ದಾಟುವುದರೊಳಗೆ ನಿಂತಿತ್ತು. ಒಳಗೆ ಹೋಗಿ ನೋಡಿದರೆ ಅದರ ಮೇಲೊಂದು ಬಿಳಿ ಪಂಚೆ, ಪಂಚೆಯ ಮೇಲೊಂದು ಗಣಪತಿ ಫೋಟೋ, ಫೋಟೋದ ಮುಂದೆ ಆಗಷ್ಟೇ ಹಚ್ಚಿದ ಊದುಬತ್ತಿ. ನಾನೂ ಕೈಮುಗಿದು ಬಂದೆ, ಇನ್ನೆಂತ ಮಾಡುವುದು?

ತಪ್ಪು ಅವರದ್ದಲ್ಲ. ಸರ್ಕಾರಿ ಸೀಲು ಕಂಡರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಬಿಪಿಎಲ್ ಕಾರ್ಡು. ಕಸುಬುಂಟು ಎಂದು ಬರೆಸಿದರೆ ಕಾರ್ಡು ಹೋಯಿತು, ಯಂತ್ರವುಂಟು ಎಂದರೆ ಕಾರ್ಡಿನ ಜೊತೆ ಅಕ್ಕಿಯೂ ಹೋಯಿತು. ನನ್ನ ತವರುಮನೆಯಲ್ಲೇ ಯಾರಾದರೂ ಬ್ಯಾಗು ಹಾಕಿಕೊಂಡು ಅಂಗಳಕ್ಕೆ ಬಂದರೆ ಅತ್ತಿಗೆ ಓಡಿಹೋಗಿ ಫ್ರಿಜ್ಜಿಗೆ ಕಂಬಳಿ ಹೊದಿಸುತ್ತಾಳೆ. ಒಮ್ಮೆ ಬಂದವನು ಎಲ್ಐಸಿಯವನು, ಆದರೂ ಅದಕ್ಕೆ ಮಧ್ಯಾಹ್ನದವರೆಗೂ ಕಂಬಳಿ.

ಕೊನೆಗೆ ಹೋದದ್ದು ಇಂಜಿನ್ ರಿಪೇರಿಯವರ ಮನೆಗೆ. ದೋಣಿಯ ಇಂಜಿನ್ ಕೆಟ್ಟರೆ ಇಡೀ ಅಳಿವೆಯವರು ಇವರ ಹತ್ತಿರವೇ ಬರಬೇಕು. ಮನೆಯ ಹಿಂದೊಂದು ತಗಡಿನ ಶೆಡ್ಡು, ಅಡ್ಡ ತೊಲೆಗೆ ಮೂರು ಇಂಜಿನ್ ನೇತಾಡುತ್ತಿವೆ, ಮನುಷ್ಯ ಹೊರಗೆ ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದಾರೆ.

"ಇವು ಯಾರವು?" ಎಂದೆ.

"ಯಾರದ್ದೋ ಅಕ್ಕೋರೆ. ಸ್ವಲ್ಪ ಇಟ್ಕೊಳ್ಳಿ ಅಂದ್ರು, ಇಟ್ಕೊಂಡೆ."

ಫಾರ್ಮುಗಳೆಲ್ಲ ಒಂದೇ ರೀತಿ ತುಂಬಿದವು: ಕಸುಬು ಇಲ್ಲ, ಸಾಮಾನು ಇಲ್ಲ, ಕಲಿಸುವುದು ಇಲ್ಲ. ಹೆಡ್ ಮಾಸ್ತರರು ಅವನ್ನು ಗಂಭೀರವಾಗಿ ಓದಿ, "ಪಾಪ, ಈ ಊರಿನವರು ಹೇಗೆ ಬದುಕುತ್ತಾರೆ?" ಎಂದು ಕೇಳಿದರು. ನನಗೆ ಮೇಜಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆ ಸೋಮವಾರ ಇಂಜಿನ್‌ನವರ ಮಗಳು ಲ್ಯಾಬಿಗೆ ಬಂತು. ಹತ್ತನೇ ಕ್ಲಾಸು, ಮಾತು ಕಡಿಮೆ. ಮಾತಾಡಿದರೆ ಎದುರಿದ್ದವರು ನೀರು ಕುಡಿಯಬೇಕು. ಹೆಡ್ ಮಾಸ್ತರರು ಕಲಿಸುವವರು ಸಿಗುವ ಮೊದಲೇ ಕಲಿಯುವವರ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಬಿಟ್ಟಿದ್ದರು. ಗಂಡುಮಕ್ಕಳಿಗೆ ಇಂಜಿನ್, ವೈರಿಂಗ್, ಬೇಕರಿ. ಹೆಣ್ಣುಮಕ್ಕಳಿಗೆಲ್ಲ ಸಾಲಾಗಿ ಹೊಲಿಗೆ.

"ನಂಗೆ ಹೊಲಿಗೆ ಬೇಡ ಅಕ್ಕೋರೆ. ಇಂಜಿನ್ ಬರೀರಿ."

"ನಾನು ಬರೆದರೆ ಆತಾ? ನಿನ್ನ ಅಪ್ಪನೇ ಕಲಿಸುವುದಿಲ್ಲ ಅಂತಾರಲ್ಲ."

ಅದು ಬಾಗಿಲ ಕಡೆ ನೋಡಿ ದನಿ ತಗ್ಗಿಸಿತು. "ಹೋದ ವರ್ಷದಿಂದ ಅಪ್ಪನ ಬೆರಳಿಗೆ ಜೋಮು. ಸಣ್ಣ ಸ್ಕ್ರೂ ಹಿಡಿಯುಕೇ ಆಗುದಿಲ್ಲ. ಅಪ್ಪ ಹೊರಗೆ ಕೂತು ಗಿರಾಕಿಗಳ ಹತ್ರ ಮಾತಾಡ್ತ್ರು, ಒಳಗೆ ಬಿಚ್ಚುದು, ಕೂಡಿಸುದು ಎಲ್ಲ ನಾನೇ."

ನಾನು ಎದ್ದು ಲ್ಯಾಬಿನ ಬಾಗಿಲು ಮುಚ್ಚಿ ಬಂದೆ.

"ಯಾರ ಹತ್ರನೂ ಹೇಳ್ಬೇಡಿ. ಹೆಣ್ಣುಹುಡುಗಿ ಕೈ ಹಾಕ್ತದೆ ಅಂತ ಗೊತ್ತಾದ್ರೆ ಬೋಟಿನವ್ರು ಇಂಜಿನ್ ಕೊಡುದಿಲ್ಲ. ನಮ್ಮ ಮನೆ ನಡಿಯುದು ಅದ್ರಲ್ಲೇ. ಆದ್ರೆ ನಾನು ಮುಂದೆ ಡಿಪ್ಲೊಮಾಕ್ಕೆ ಹೋಪಾಗ ನಂಗೆ ಕೆಲಸ ಬತ್ತದೆ ಅಂತ ಹೇಳುಕೆ ಒಂದು ಕಾಗದ ಬೇಡ್ವಾ? ಹೊಲಿಗೆ ಅಂತ ಬರೆದ ಕಾಗದ ತಗೊಂಡು ನಾನೆಂತ ಮಾಡ್ಲಿ, ಇಂಜಿನಿಗೆ ಲಂಗ ಹೊಲೀಲಾ?"

ನನಗೆ ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ವಯಸ್ಸಿನಲ್ಲಿ ನಾನು ಸೈಕಲ್ ಚೈನು ಹಾಕಲು ಅಣ್ಣನನ್ನು ಕರೆಯುತ್ತಿದ್ದೆ. ಇದು ಮನೆಯನ್ನೇ ಎತ್ತಿ ನಿಲ್ಲಿಸಿದೆ, ಅದೂ ಬಾಗಿಲ ಮರೆಯಲ್ಲಿ. ಹೇಗಾದರೂ ಮಾಡಿ ಇದರ ಹೆಸರು ಇಂಜಿನ್ನಿನ ಮುಂದೆ ಬರಬೇಕು ಎಂದು ಅಲ್ಲೇ ಹಟ ಹುಟ್ಟಿತು.

ಮರುದಿನ ಹೆಡ್ ಮಾಸ್ತರರಿಗೆ ಹೇಳಿದೆ: "ಫಾರ್ಮ್ ಬೇಡ ಸರ್, ಸನ್ಮಾನ ಇಡುವ. ಕಸುಬುದಾರರನ್ನು ಕರೆದು ಶಾಲು ಹೊದಿಸುವ. ಶಾಲು ಹೊದ್ದವರು ಅಲ್ಲೇ ನಿಂತು ಎಷ್ಟು ಮಕ್ಕಳಿಗೆ ಕಲಿಸುತ್ತೇನೆ ಅಂತ ಹೇಳಬೇಕು."

"ಎಷ್ಟು ಶಾಲು ಬೇಕಾದೀತು?"

"ಯಾರಿಗೂ ಎಂತದೂ ಬರದ ಊರಲ್ಲವಾ? ನಾಲ್ಕು ಸಾಕು."

ಆಮಂತ್ರಣ ಪತ್ರಿಕೆ ಮಾಡಿಸಲಿಲ್ಲ. ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಆರಿಸುತ್ತಾ ಸುಮ್ಮನೆ ಬಾಯಿ ಬಿಟ್ಟೆ, ಅಷ್ಟೆ. ಸಂಜೆ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹಗ್ಗದ ಅಜ್ಜಿ ಅಡ್ಡ ನಿಂತಿದ್ದಳು.

"ಅಕ್ಕೋರೆ, ಹಗ್ಗದವ್ರಿಗೂ ಉಂಟಾ ಸನ್ಮಾನ?"

"ನಿಮಗೆ ಎಂತದೂ ಬರುವುದಿಲ್ಲವಲ್ಲ ಅಜ್ಜಿ."

"ಥೋ! ಯಾರು ಹೇಳಿದ್ದು ಹಾಂಗೆ? ಕುಮಟೆಯವರೆಗೆ ಕೇಳಿ ಬನ್ನಿ, ನನ್ನ ಹಗ್ಗ ಕಡಿದದ್ದುಂಟಾ ಅಂತ!"

ಹೊಲಿಗೆಯಾಕೆ ತಾನು ಹೊಲಿದ ರವಿಕೆಗಳನ್ನು ಸ್ಟಾಫ್ ರೂಮಿಗೇ ತಂದು ಹರಡಿದಳು. ಗಣಪತಿ ಎಲ್ಲಿ ಹೋದ ಎಂದು ನಾನು ಕೇಳಲಿಲ್ಲ. ಭಟ್ಕಳದಿಂದ ಒಬ್ಬ ಬೇಕರಿಯವರು ಬಂದು, ತಾಲೂಕು ಬೇರೆಯಾದರೂ ಪರವಾಗಿಲ್ಲವಾ ಎಂದು ವಿಚಾರಿಸಿ ಒಂದು ಡಬ್ಬಿ ನಾನ್ ಕಟಾಯ್ ಇಟ್ಟು ಹೋದರು. ಕಾರ್ಡಿನ ಹೆದರಿಕೆಗಿಂತ ಶಾಲಿನ ಆಸೆ ದೊಡ್ಡದು ಎಂದು ನನಗೆ ಗೊತ್ತಿತ್ತು, ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ.

ಬಾರದವರು ಒಬ್ಬರೇ, ಇಂಜಿನ್‌ನವರು. ಬರುವುದಿಲ್ಲ ಎಂದು ಮಗಳ ಹತ್ತಿರ ಹೇಳಿ ಕಳಿಸಿದರು. ಆಗ ನಾನೊಂದು ಸುಳ್ಳು ಹೇಳಿದೆ. ಒಪ್ಪಿಕೊಳ್ಳುತ್ತೇನೆ, ನಾಚಿಕೆಯೇನೂ ಇಲ್ಲ. ಶೆಡ್ಡಿಗೆ ಹೋಗಿ, "ಅಡ್ಡಿಲ್ಲ ಬಿಡಿ. ಇಂಜಿನ್ ವಿಭಾಗಕ್ಕೆ ಕುಮಟೆಯ ಪಂಪ್‌ಸೆಟ್ಟಿನವರು ಬರ್ತಾರಂತೆ, ಮಕ್ಕಳನ್ನೂ ಅವರ ಹತ್ತಿರವೇ ಕಳಿಸುವ" ಎಂದೆ. ಕುಮಟೆಯ ಆ ಮನುಷ್ಯನ ಮುಖವನ್ನು ನಾನು ಈವರೆಗೂ ನೋಡಿಲ್ಲ.

ಇವರು ಸ್ಟೂಲಿನಿಂದ ಎದ್ದೇಬಿಟ್ಟರು. "ಅವ್ನಾ? ಪಂಪಿನ ಬಾಯಿಗೆ ಹುಲ್ಲು ಸಿಕ್ಕಿದ್ರೆ ಇಡೀ ಪಂಪು ಬದಲಿಸ್ಬೇಕು ಅನ್ನುವವ ಅವ್ನು! ಅವ್ನು ಮಕ್ಕಳಿಗೆ ಎಂತ ಕಲಿಸ್ತ ಮಣ್ಣು?"

ಶೆಡ್ಡಿನ ಕತ್ತಲೆಯಿಂದ ಫಕ್ಕನೆ ನಕ್ಕ ಸದ್ದು ಬಂತು. ನಾನು ಕೊಡೆ ಬಿಚ್ಚಿ ಹೊರಟೆ.

ಸನ್ಮಾನದ ಶನಿವಾರ ಮಳೆ ಎಂದರೆ ಮಳೆ. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಬೋಟಿನವರಿಗೂ ಪುರುಸೊತ್ತು. ಶಾಲೆಯ ಸಭಾಂಗಣ ತುಂಬಿ ಹೊರಗಿನ ಕಟ್ಟೆಯ ಮೇಲೂ ಜನ. ಸನ್ಮಾನಕ್ಕೆ ಹೆಸರು ಕೊಟ್ಟವರು ಇಪ್ಪತ್ತಾರು ಮಂದಿ, ಶಾಲು ನಾಲ್ಕು. ಹೆಡ್ ಮಾಸ್ತರರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಪಾಪ, ತಲೆ ಓಡಿಸಿದರು. ಒಬ್ಬರಿಗೆ ಶಾಲು ಹೊದಿಸಿ ಫೋಟೋ ತೆಗೆದು, ಅವರು ಪರದೆಯ ಹಿಂದೆ ಇಳಿದ ಕೂಡಲೇ ಜವಾನನು ಶಾಲು ಬಿಚ್ಚಿಕೊಂಡು ಆಚೆ ಬಾಗಿಲಿನಿಂದ ಮತ್ತೆ ಮೇಜಿಗೆ ತಂದಿಡುವುದು. "ತೊಳೆದು ಮನೆಗೆ ಕಳಿಸ್ತೇವೆ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಹಗ್ಗದ ಅಜ್ಜಿ ಮಾತ್ರ ಬಿಡಲಿಲ್ಲ. ಶಾಲಿನ ಎರಡೂ ತುದಿ ಸೊಂಟಕ್ಕೆ ಗಂಟುಹಾಕಿಕೊಂಡು ಮುಂದಿನ ಬೆಂಚಿನಲ್ಲೇ ಕೂತಳು. ಆಮೇಲೆ ಮೂರರಲ್ಲೇ ಸುಧಾರಿಸಿದೆವು.

ವೇದಿಕೆಯ ಗೋಡೆಗೆ ದೊಡ್ಡ ಚಾರ್ಟು ಅಂಟಿಸಿದ್ದೆ. ಒಂದು ಬದಿ ಕಲಿಸುವವರು, ಇನ್ನೊಂದು ಬದಿ ಹೆಡ್ ಮಾಸ್ತರರ ಪಟ್ಟಿಯಂತೆ ಕಲಿಯುವವರು. ಒಬ್ಬೊಬ್ಬರು ಹೇಳಿದಂತೆ ನಾನು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೆ. ಇಬ್ಬರಿಗೆ ಕಲಿಸುತ್ತೇನೆ, ಮೂವರಿಗೆ ಕಲಿಸುತ್ತೇನೆ ಎಂದು ಹರಾಜು ಕೂಗಿದ ಹಾಗೆ.

ಇಂಜಿನ್‌ನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಶಾಲು ಹೊದಿಸಿದ್ದು ಅತಿಥಿಯಾಗಿ ಬಂದಿದ್ದ ಒಬ್ಬ ಬೋಟ್ ಮಾಲೀಕರು. ಹೆಂಗಸರು ಬಲೆ ದಾಟಿದರೆ ಮೀನು ಬೀಳುವುದಿಲ್ಲ ಎಂದು ಸ್ವಂತ ಹೆಂಡತಿಯನ್ನೇ ಸುತ್ತು ಹಾಕಿಸಿ ನಡೆಸುವ ಮನುಷ್ಯ. ಮೈಕು ಹಿಡಿದು ಶುರು ಮಾಡಿದರು: "ಈ ಮನುಷ್ಯನ ಕೈ ಅಂದ್ರೆ ಕೈ! ಮಳೆಗಾಲಕ್ಕೆ ಮೊದಲು ನನ್ನ ಇಂಜಿನ್ ಮಾಡಿಕೊಟ್ರು. ಇಷ್ಟು ವರ್ಷ ಮಾಡಿಸಿದ್ದೇನೆ, ಈ ಸಲದಷ್ಟು ಚೆಂದ ಯಾವತ್ತೂ ಓಡಲಿಲ್ಲ!"

ಚಪ್ಪಾಳೆ ಬಿತ್ತು. ಇಂಜಿನ್‌ನವರು ನಗಲಿಲ್ಲ. ಶಾಲಿನೊಳಗೆ ಕೈ ಮುದುಡಿಕೊಂಡು ನಿಂತಿದ್ದರು. ನಾನು ಪೆನ್ನು ಹಿಡಿದು, "ಎಷ್ಟು ಮಕ್ಕಳನ್ನು ಬರೀಲಿ?" ಎಂದು ಕೇಳಿದೆ.

"ಎರಡು ಗಂಡುಹುಡುಗ್ರು" ಎಂದರು.

ಅಷ್ಟೇ. ನನಗೆ ರಕ್ತ ತಲೆಗೇರಿತು. ಸಭೆಯ ಹಿಂದಿನ ಸಾಲಿನಲ್ಲಿ ಹುಡುಗಿ ತಲೆ ತಗ್ಗಿಸಿ ಕೂತದ್ದು ಕಾಣುತ್ತಿತ್ತು. ಮೈಕು ಕಸಿದು ಎಲ್ಲ ಹೇಳಿಬಿಡಲಾ ಅನ್ನಿಸಿತು. ಹೇಳಿದರೆ ಅವರ ಅನ್ನ ಹೋಗುತ್ತದೆ, ನಾನು ಸಂಜೆ ಬಸ್ಸು ಹತ್ತಿ ಮನೆಗೆ ಹೋಗುವವಳು. ಹಲ್ಲು ಕಚ್ಚಿಕೊಂಡು ಎರಡು ಹುಡುಗರ ಹೆಸರು ಬರೆದೆ.

ಇವರು ಮಾತ್ರ ಮೈಕಿನ ಮುಂದಿನಿಂದ ಕದಲಲಿಲ್ಲ. ಜವಾನ ಶಾಲಿಗೆ ಕೈಚಾಚಿ ಕಾಯುತ್ತಿದ್ದ.

"ಒಂದು ಮಾತು ಉಳೀತು" ಎಂದರು. "ಆ ಇಂಜಿನ್ ನಾನು ಮುಟ್ಟಲಿಲ್ಲ. ಹೋದ ವರ್ಷದಿಂದ ನಿಮ್ಮ ಯಾರ ಇಂಜಿನ್ನೂ ನಾನು ಮುಟ್ಟಲಿಲ್ಲ. ನನ್ನ ಕೈ ಆಗುದಿಲ್ಲ. ಮಾಡಿದ್ದು ನನ್ನ ಮಗಳು."

ಮಾಲೀಕರು ಸಭೆಯತ್ತ ತಿರುಗಿ, "ಎಲ್ಲುಂಟು ಆ ಹುಡುಗಿ?" ಎಂದರು. ಅದು ಎದ್ದು ನಿಂತಿತು.

"ಎಂತ ಆಗಿತ್ತೇ ನನ್ನ ಇಂಜಿನಿಗೆ?"

"ಎಣ್ಣೆಯ ಫಿಲ್ಟರ್ ಕಟ್ಟಿಕೊಂಡಿತ್ತು. ಪ್ರತಿ ವರ್ಷ ಹೊಸತು ಹಾಕ್ಸಿದ್ದೆ ಅಂತ ನೀವು ಅಪ್ಪನ ಹತ್ರ ಹೇಳಿದ್ರಿ. ಹಾಕ್ಸಲಿಲ್ಲ ನೀವು. ಅದು ಮೂರು ವರ್ಷ ಹಳೇದು."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಲೀಕರ ಮುಖ ಕೆಂಪಾಯಿತು. ಆಯಿತು, ಮುಗಿಯಿತು ಎಂದುಕೊಂಡೆ. ಅವರು ಕುತ್ತಿಗೆ ಕೆರೆದುಕೊಂಡರು, ಇಂಜಿನ್‌ನವರನ್ನು ನೋಡಿದರು, ಮತ್ತೆ ಹುಡುಗಿಯನ್ನು ನೋಡಿದರು.

"ಇನ್ನೊಂದು ಬೋಟಿಂದೂ ಉಂಟು" ಎಂದರು ಹುಡುಗಿಗೆ. "ಸೋಮವಾರ ಕಳಿಸ್ತೆ. ಫಿಲ್ಟರ್ ಸುದ್ದಿ ಎತ್ಬೇಡ."

ಇಡೀ ಸಭೆ ಹೋ ಎಂದು ನಕ್ಕಿತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಆ ಗಲಾಟೆಯಲ್ಲಿ, ಹೊಲಿಗೆ ಎಂದಿದ್ದ ಕಡೆ ಹುಡುಗಿಯ ಹೆಸರು ಹೊಡೆದು ಇಂಜಿನ್ನಿನ ಎದುರು ಬರೆಯಲು ಚಾರ್ಟಿನ ಕಡೆ ತಿರುಗಿದರೆ, ಇಂಜಿನ್‌ನವರು ನನ್ನ ಪಕ್ಕ ಬಂದು ನಿಂತಿದ್ದರು.

"ಅಲ್ಲಲ್ಲ ಅಕ್ಕೋರೆ. ಅದು ಎಂತಕೆ ಕಲೀಬೇಕು? ಆ ಎರಡು ಹುಡುಗ್ರಿಗೆ ಕಲಿಸುದು ಯಾರು ಮತ್ತೆ, ನಾನಾ? ಈಚೆ ಬದಿಗೆ ಬರೀರಿ."

ಕಲಿಸುವವರ ಸಾಲಿನಲ್ಲಿ ಅವರ ಹೆಸರಿನ ಕೆಳಗೆ ಜಾಗ ಕಡಿಮೆ ಇತ್ತು. ಕಣ್ಣು ಬೇರೆ ಮಂಜು. ಸಣ್ಣ ಅಕ್ಷರದಲ್ಲಿ ಬರೆಯಲು ಶುರು ಮಾಡಿದೆ.

"ಸ್ವಲ್ಪ ದೊಡ್ಡದು ಬರೀರಿ" ಎಂದರು ಅವರು. "ಹಿಂದೆ ಕೂತವ್ರಿಗೂ ಕಾಣ್ಬೇಕು."