ಯಮನ ಬಾರಿ ಗಿಡ

“ಕೇಳ್ರಿ ಅಂಬುಜಮ್ಮಾ, ಜಪಾನ್ ದೇಶದಾಗೂ ಯಮ ಅದಾನ. ಸುಳ್ಳಲ್ಲ, ನನ್ನ ಕಿವಿಯಾರೆ ಕೇಳೇನಿ. ಆದ್ರ ನಮ್ಮ ಕಡೆ ಬರೂ ಹಂಗ ಕೋಣದ ಮ್ಯಾಲೆ ಕುಂತು ಬರೂದಿಲ್ಲ ಅಂವ. ತಾನ ಕೋಣ ಆಗ್ಯಾನ! ಎಷ್ಟ ದೊಡ್ಡದಂತೀರಿ, ಈ ನಮ್ಮ ಬಿಲ್ಡಿಂಗು ಅದರ ಕೊಂಬಿನ ಮುಂದ ಬೆಂಕಿಪಟ್ಟಣ. ಬೆನ್ನ ಮ್ಯಾಲೆ ಹುಲ್ಲು, ಗಿಡ, ಹಕ್ಕಿ ಗೂಡು, ಒಂದು ಹರಿಯೂ ಹಳ್ಳ ಸೈತ. ಅದು ಹುಟ್ಟಿದಾಗಿಂದ ಮಲಗೇ ಇತ್ತು. ಮಂದಿ ಅದನ್ನ ಗುಡ್ಡ ಅಂತ ತಿಳಕೊಂಡಿದ್ರು. ಕೆಳಗಿನ ಊರಾಗ ಜಾಗಾ ಸಾಲಲಿಲ್ಲ ನೋಡ್ರಿ, ಸಮುದ್ರ ತುಂಬಿಸಿ ಊರು ದೊಡ್ಡದು ಮಾಡೂಣು ಅಂತ ಗುಡ್ಡ ಅಗಿಯಾಕ ಹತ್ತಿದ್ರು. ಒಂದು ಗಿಡ ಬಿತ್ತು, ಸುಮ್ಮನ ಇತ್ತು. ಇನ್ನೊಂದು ಬಿತ್ತು, ಕಿವಿ ಅಲುಗಾಡಿಸ್ತು. ಬೆನ್ನ ಮ್ಯಾಗಿನ ಹಳ್ಳದಾಗ ಕೊಡ್ಲಿ ತೊಳದ್ರು, ಎದ್ದ ನಿಂತಿತ್ರೀ! ಊರ ಮಂದಿ ಎಲ್ಲಾ ‘ಯಾಮಾ! ಯಾಮಾ!’ ಅಂತ ಚೀರಕೋತ ಓಡಿದ್ರು. ಅಷ್ಟ ನನಗ ತಿಳದದ್ದು, ಉಳದ ಅವರ ಮಾತೆಲ್ಲಾ ಗುಬ್ಬಿ ಚಿಲಿಪಿಲಿ. ಓಡಿ ಎಲ್ಲಿ ಹೋಗ್ತಾರ? ಅದು ಊರ ಕಡೆ ಹೊಳ್ಳಿ ಉಸಿರು ಎಳೀತು. ಬಾವ್ಯಾಗಿನ ನೀರು, ಹೊಳ್ಯಾಗಿನ ನೀರು, ಕೊಡದಾಗಿನ ನೀರು, ಎಲ್ಲಾ ಅದರ ಮೂಗಿನಾಗ! ಕಡೀಕ ಅಂಬಿಗರ ಹುಡುಗಿ ಒಂದು, ನಮ್ಮ ಮೊಮ್ಮಗಳು ಹಿತಾನಷ್ಟಾಕಿ, ತನ್ನ ಪಾಲಿಗೆ ಉಳದಿದ್ದ ಒಂದು ಬೊಗಸಿ ನೀರು ತಾ ಕುಡೀಲಿಲ್ಲ. ಹೋಗಿ ಅದರ ಕಾಲಿಗೆ ಹಾಕಿದ್ಲು. ಅಷ್ಟಕ್ಕ ಸಿಟ್ಟು ಇಳೀತು ನೋಡ್ರಿ. ಕುಡದದ್ದೆಲ್ಲಾ ಹೊಳ್ಳಿ ಬಿಟ್ಟು, ಆಕಿ ಮುಂದ ಎಮ್ಮಿ ಕರುವಿನಂಗ ಮಲಕೊಂತು. ನನಗರ ಕಣ್ಣಾಗ ನೀರು. ಯಮಗ ನೀರು ಕುಡಿಸಿ ಮಲಗಿಸಿದಾಕೀನ್ನ ನಾ ಮತ್ತೆಲ್ಲೂ ಕಂಡಿಲ್ಲವಾ!”

ಹೊನ್ನವ್ವ ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಅಂಬುಜಮ್ಮನವರ ಕೈಯಲ್ಲಿದ್ದ ಹೂಬತ್ತಿ ಅರ್ಧಕ್ಕೇ ನಿಂತಿತ್ತು. ಇಬ್ಬರೂ ಕುಳಿತಿದ್ದದ್ದು ಮಸ್ಕತ್ತಿನ ಅಲ್ ಅಜೈಬಾದ ಅವರ ವಸತಿ ಕಟ್ಟಡದ ಹಿಂದೆ, ಕಾರು ನಿಲ್ಲಿಸುವ ಅಂಗಳದಲ್ಲಿ. ಆ ಅಂಗಳಕ್ಕೆ ಇರುವುದೊಂದೇ ಗಿಡ. ಅದರ ಬುಡದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಶುಕ್ರವಾರದ ಬಿಸಿಲು ಆಗಷ್ಟೇ ಇಳಿದು, ನೆಲ ಮಾತ್ರ ಇನ್ನೂ ಒಲೆಯ ಕಟ್ಟೆಯಂತೆ ಬೆಚ್ಚಗಿತ್ತು.

“ಅಲ್ಲ ಹೊನ್ನವ್ವಾ,” ಅಂಬುಜಮ್ಮ ದನಿ ತಗ್ಗಿಸಿದರು, “ಮರ ಕಡಿದಿದ್ದಕ್ಕೆ ಯಮನೇ ಎದ್ದು ಬಂದ್ಬಿಟ್ನಾ?”

“ಮತ್ತೇನ್ರಿ? ಬೆನ್ನ ಮ್ಯಾಗಿಂದು ಕಿತ್ತರ ಯಾರು ಸುಮ್ಮನ ಇರ್ತಾರ?”

ಅಂಬುಜಮ್ಮ ಕತ್ತೆತ್ತಿ ತಮ್ಮ ತಲೆಯ ಮೇಲಿದ್ದ ಕೊಂಬೆಗಳನ್ನು ಒಂದು ಸಲ ನೋಡಿದರು. ಆಮೇಲೆ ಸೆರಗು ಹೊದ್ದು, ಬತ್ತಿಯ ಡಬ್ಬಿ ಮುಚ್ಚಿ, ದೀಪ ಹಚ್ಚುವ ಹೊತ್ತಾಯಿತೆಂದು ಎದ್ದು ಹೋದರು. ದೀಪ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ.

ಹೊನ್ನವ್ವನ ಮನಸ್ಸಿನಲ್ಲಿ ಹುನ್ನಾರವೇನೂ ಇರಲಿಲ್ಲ. ಕಥೆ ಬಾಯಿಗೆ ಬಂತು, ಹೇಳಿದಳು, ಅಷ್ಟೆ. ಆದರೆ ಆ ಗಿಡ ಇನ್ನೊಂದು ವಾರ ಬದುಕುತ್ತದೋ ಇಲ್ಲವೋ ಎಂಬ ಸಂಕಟ ಮಾತ್ರ ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಹೊನ್ನವ್ವ ಬೆಟಗೇರಿಯವಳು. ಗಂಡ ಶಂಕ್ರೆಪ್ಪ ಮಗ್ಗಕ್ಕೆ ಕೂತರೆ ಇವಳು ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಅಕ್ಷರ ಒಲಿಯಲಿಲ್ಲ, ಕಿವಿ ಒಲಿಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಲಟಪಟ ಬಡಿಯುವಾಗಲೂ ಮೂರು ಮನೆಯಾಚೆ ಅತ್ತೆ ಸೊಸೆ ಏನು ಪಿಸುಗುಟ್ಟಿದರೆಂದು ಹೇಳಬಲ್ಲವಳು. “ಹೊನ್ನಿ ಕಿವಿ ಅಂದ್ರ ಅಂಚೆ ಡಬ್ಬಿ, ಹಾಕಿದ್ದು ಒಂದೂ ಕಳೆಯೂದಿಲ್ಲ” ಎಂದು ಶಂಕ್ರೆಪ್ಪ ನಗುತ್ತಿದ್ದ. ಅವನು ಹೋದ ಮೇಲೆ ಮಗ ಬಸವಕುಮಾರ ತಾಯಿಯನ್ನು ಮಸ್ಕತ್ತಿಗೆ ಕರೆತಂದ. ಅವನಿಗೆ ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ.

ಬಂದ ಹೊಸದರಲ್ಲಿ ಹೊನ್ನವ್ವನಿಗೆ ಇಲ್ಲಿ ಪರಿಚಯವೆಂದು ಸಿಕ್ಕಿದ್ದೇ ಆ ಗಿಡ. “ಯವ್ವಾ, ಬಾರಿ ಗಿಡ!” ಎಂದು ಓಡಿಹೋಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡಿದ್ದಳು. ಮೈಸೂರಿನ ಅಂಬುಜಮ್ಮ ಅದನ್ನು ಎಲಚಿ ಮರ ಅಂದರು. ಕಟ್ಟಡ ನೋಡಿಕೊಳ್ಳುವ ಮಂಗಳೂರಿನ ಕ್ಯಾಸ್ಮಿರ್, “ಈ ಊರವರು ಸಿದ್ರ್ ಅಂತಾರೆ ಅಜ್ಜಿ, ಅವರಿಗೆ ಇದೆಂದರೆ ಭಾರಿ ಗೌರವ ಉಂಟು” ಎಂದ. ಹೆಸರಿಗಾಗಿ ಜಗಳವಾಡುತ್ತಲೇ ಹೊನ್ನವ್ವನಿಗೂ ಅಂಬುಜಮ್ಮನವರಿಗೂ ಗೆಳೆತನವಾಯಿತು. ಗೋಡೆಯ ಮೇಲಿನ ಏಸಿ ಕೊಳವೆಯಿಂದ ದಿನವಿಡೀ ತೊಟ್ಟಿಕ್ಕುವ ನೀರು ಪೋಲಾಗುವುದನ್ನು ನೋಡಲಾರದೆ ಹೊನ್ನವ್ವ ಅಲ್ಲಿ ಬಕೆಟ್ ಇಟ್ಟಳು. ತುಂಬಿದ್ದನ್ನು ದಿನಾ ಬೆಳಿಗ್ಗೆ ಗಿಡದ ಬುಡಕ್ಕೆ ಸುರಿಯುವುದು ಅವಳ ಪೂಜೆಯಂತಾಯಿತು. ಗಿಡ ಸೊಕ್ಕಿ ಬೆಳೆಯಿತು. ಗೊರವಂಕಗಳು ಸಂಸಾರ ಸಮೇತ ಬಂದವು.

ತಂಟೆ ಹುಟ್ಟಿದ್ದೇ ಅಲ್ಲಿ. ಗಿಡದ ಕೆಳಗೆ ನಿಲ್ಲುವ ಕಾರುಗಳ ಮೇಲೆ ಹಣ್ಣು ಬಿದ್ದು ಅಂಟು, ಹಕ್ಕಿ ಹಿಕ್ಕೆ ಬಿದ್ದು ಕಲೆ. ಅಂಬುಜಮ್ಮನವರ ಮಗ ಶ್ಯಾಮಸುಂದರನಿಗೆ ಕಾರೆಂದರೆ ಜೀವ. ಅವನು ಒರೆಸಿ ಒಳಗೆ ಹೋಗುವುದನ್ನೇ ಹಕ್ಕಿಗಳು ಕಾಯುತ್ತಿದ್ದವು. ಅವನು ಅಲ್ ಅಮೇರಾತ್‌ನಲ್ಲಿರುವ ಮಾಲೀಕರಿಗೆ ಫೋನು ಮಾಡಿದ. ಮರ ಕಡಿಯಲು ಮಾಲೀಕರಿಗೆ ಮನಸ್ಸಿರಲಿಲ್ಲ. ಆದರೂ, ಎಲ್ಲ ಮನೆಯವರ ಬಾಯಿ ಒಂದಾದರೆ ಪರವಾನಗಿ ಕೇಳಿ ನೋಡೋಣ, ಮುಂದಿನ ವಾರದ ಶನಿವಾರ ಕ್ಯಾಸ್ಮಿರ್ ಕೈಲಿ ತಿಳಿಸಿ ಎಂದರು. ಶ್ಯಾಮಸುಂದರ ಮನೆಮನೆಗೆ ಹೋಗಿ ಒಪ್ಪಿಸಿದ. ಹೊಸ ಬಿಳಿ ಕಾರು ಕೊಂಡ ಬಸವಕುಮಾರನೂ ಹೂಂ ಅಂದುಬಿಟ್ಟ.

“ಗಿಡ ಹೋದ್ರ ನಾ ಎಲ್ಲಿ ಕೂಡ್ಲೋ?” ಎಂದು ಹೊನ್ನವ್ವ ಕೇಳಿದಳು.

“ಮನ್ಯಾಗ ಏಸಿ ಐತಲ್ಲಬೇ.”

“ಏಸಿ ಕೂಡ ಏನ್ ಮಾತಾಡ್ಲಿ?”

ಮಗ ಟವೆಲು ಎಳೆದುಕೊಂಡು ಬಾತ್‌ರೂಮಿಗೆ ಹೋದ. ಆ ಬೇಸರದಲ್ಲೇ ಹೊನ್ನವ್ವ ಹೋಗಿ ಮೊಮ್ಮಗಳು ಹಿತಾಳ ಪಕ್ಕ ಕುಳಿತದ್ದು, ಅವಳು ನೋಡುತ್ತಿದ್ದ ಜಪಾನಿನ ಕಾರ್ಟೂನ್ ಸಿನಿಮಾ ಕಣ್ಣಿಗೆ ಬಿದ್ದದ್ದು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಹಿತಾಳಿಗೆ. ಚಿತ್ರ ಮತ್ತು ಸಪ್ಪಳ ಅಜ್ಜಿಗೆ. ಹೀಗೆ ಯಮ ಟೀವಿಯಿಂದ ಅಂಗಳಕ್ಕೆ ಬಂದ.

ಬಂದವನು ಅಂಗಳದಲ್ಲಿ ನಿಲ್ಲಲಿಲ್ಲ.

“ನೋಡೋ ಶ್ಯಾಮೂ,” ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ ಅಂಬುಜಮ್ಮ ಮಗನಿಗೆ ಹೇಳಿದರಂತೆ, “ಕಾರಿನ ಮೇಲೆ ಹಿಕ್ಕೆ ಬಿದ್ರೆ ತೊಳೀಬಹುದು. ಯಮ ಬಿದ್ರೆ ಏನು ಮಾಡ್ತೀಯಾ?”

“ಏನಮ್ಮಾ ನೀನು! ಕಾರ್ಟೂನ್ ಕಣಮ್ಮಾ ಅದು!”

“ಕಾರ್ಟೂನೋ ಗೀರ್ಟೂನೋ, ಜಪಾನಿನವರು ಬುದ್ಧಿವಂತರು. ಸುಮ್ಸುಮ್ನೆ ಹೇಳ್ತಾರಾ?”

ಶ್ಯಾಮಸುಂದರ ಗಹಗಹಿಸಿ ನಕ್ಕ. ಆದರೆ ಮರುದಿನ ಅವನ ಕಾರು ಅಂಗಳದ ಆಚೆ ತುದಿಯಲ್ಲಿ, ಬಟಾಬಯಲಲ್ಲಿ ನಿಂತಿತ್ತು. ಅವನ ನಂಬಿಕೆ ಎಷ್ಟೋ ದೇವರೇ ಬಲ್ಲ; ಅವನದು ಸರಿದದ್ದನ್ನು ನೋಡಿ ಪಕ್ಕದವರದೂ ಸರಿಯಿತು, ಅವರದನ್ನು ನೋಡಿ ಮತ್ತೊಬ್ಬರದು. ಮಕ್ಕಳು ಗಿಡದ ಹತ್ತಿರ ಓಡಿಹೋಗಿ “ಯಾಮಾ!” ಎಂದು ಕೂಗಿ ತಿರುಗಿ ಓಡಿಬರುವ ಹೊಸ ಆಟ ಕಟ್ಟಿದರು. ಕ್ಯಾಸ್ಮಿರ್ ಕೂಡ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, “ನಾನಂತೂ ಕೊಡಲಿ ಮುಟ್ಟುದಿಲ್ಲ ಮಾರಾಯ್ರೆ. ನಿಮ್ಮ ಯಮ ಜಾತಿ ನೋಡುದಿಲ್ಲವಂತೆ” ಎಂದ.

ಗಿಡಕ್ಕೆ ಇನ್ನು ಭಯವಿಲ್ಲವೆಂದು ಹೊನ್ನವ್ವ ಒಳಗೊಳಗೇ ಹಿಗ್ಗಿದಳು. ಸಂಜೆ ಕುರ್ಚಿ ಝಾಡಿಸಿ ಕಾದು ಕುಳಿತಳು. ಅಂಬುಜಮ್ಮ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ, “ಯಾಕೋ ಮಂಡಿ ನೋವು ಕಣ್ರೀ” ಎಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿಹೋದರು. ಉದುರಿದ ಹಣ್ಣನ್ನು ಆಯುವ ಮಕ್ಕಳೂ ಇಲ್ಲ. ಎದುರಿನ ಖಾಲಿ ಕುರ್ಚಿಯ ಮೇಲೆ ಒಂದು ಗೊರವಂಕ ಬಂದು ಕೂತು, ಅಂಬುಜಮ್ಮನವರ ಹಾಗೆಯೇ ಕತ್ತು ಕೊಂಕಿಸಿ ನೋಡಿತು. ಗಿಡವೇನೋ ಉಳಿಯಿತು, ಗಿಡದ ಕೆಳಗಿನ ಮಾತು ಹೋಯಿತು. ಇದೆಂಥ ಉಳಿಸುವುದು ಎಂದು ಹೊನ್ನವ್ವನಿಗೆ ಎನಿಸಿತು.

ಮುಂದಿನ ಶುಕ್ರವಾರ ಹಿತಾ ಅದೇ ಸಿನಿಮಾ ಮತ್ತೆ ಹಾಕಿದಳು. ಕೋಣ ಎದ್ದು ನಿಂತಿತು, ಜನ ಚೀರಿದರು.

“ನೋಡು, ಯಮ ಎದ್ದ!” ಎಂದಳು ಅಜ್ಜಿ.

“ವಾಟ್? ಯಮ ಯಾರು ಅಜ್ಜಿ?”

“ಜೀವ ಒಯ್ಯೂ ದೇವರು. ಮಂದಿ ಒದರ್ತಾರಲ್ಲ ಹೆಸರು ಹಿಡದು!”

ಹಿತಾ ಸೋಫಾದಿಂದ ಕೆಳಗೆ ಉರುಳಿ ಹೊಟ್ಟೆ ಹಿಡಿದುಕೊಂಡಳು. “ಅಜ್ಜಿ, ನೋ! ಯಾಮಾ ಮೀನ್ಸ್ ಮೌಂಟನ್! ಗುಡ್ಡ! ದೆ ಆರ್ ಜಸ್ಟ್ ಸೇಯಿಂಗ್ ಗುಡ್ಡ, ಗುಡ್ಡ!”

ಹೊನ್ನವ್ವ ಬಾಯಿ ತೆರೆದವಳು ಹಾಗೇ ಕುಳಿತಳು. ಮಗ್ಗದ ಗದ್ದಲದಲ್ಲೂ ತಪ್ಪದ ಕಿವಿ ಒಂದು ಗುಡ್ಡದಷ್ಟು ತಪ್ಪಿತ್ತು. ಮರುಗಳಿಗೆ ಅವಳಿಗೂ ನಗು ಉಕ್ಕಿತು. “ನಿಮ್ಮ ಅಜ್ಜ ಇರಬೇಕಿತ್ತವಾ! ಅಂಚೆ ಡಬ್ಬ್ಯಾಗ ಬ್ಯಾರೆಯವರ ಪತ್ರ ಬಿದ್ದಾವು ಅಂತಿದ್ದ.” ನಕ್ಕು ಕಣ್ಣೊರೆಸಿಕೊಂಡ ಮೇಲೆ ನೆನಪಾಯಿತು. ನಾಳೆಯೇ ಶನಿವಾರ. ಹೇಳಿದರೆ ಗಿಡಕ್ಕೆ ಕೊಡಲಿ. ಹೇಳದಿದ್ದರೆ ಅಂಬುಜಮ್ಮನ ಕುರ್ಚಿ ಖಾಲಿ.

“ನೀನೇನೂ ಹೇಳಬ್ಯಾಡ,” ಎಂದಳು ಮೊಮ್ಮಗಳಿಗೆ. ಕಿಟಕಿಯಿಂದ ಗಿಡವನ್ನೊಮ್ಮೆ ನೋಡಿ ಬಂದು, “ನಾನ ಹೇಳ್ತೀನಿ” ಎಂದಳು.

ಶನಿವಾರ ಅವಳು ಬೇಕೆಂದೇ ತಡ ಮಾಡಿದಳು. ಬಕೆಟ್ ತುಂಬಿ ಚೆಲ್ಲುತ್ತಿದ್ದರೂ ಕೆಳಗಿಳಿಯಲಿಲ್ಲ. ಕಡೆಗೆ ಮಧ್ಯಾಹ್ನ ಹಿತಾಳ ಕೈ ಹಿಡಿದು ಇಳಿದರೆ, ಅಂಗಳದ ಆಚೆ ತುದಿಯಲ್ಲಿ ಶ್ಯಾಮಸುಂದರ ಕುಣಿಯುತ್ತಿದ್ದ. ಅಂಗೈ ಉಫ್ ಉಫ್ ಎಂದು ಊದಿಕೊಳ್ಳುತ್ತಾ ಒಂದೇ ಕಾಲಲ್ಲಿ ನಿಂತಿದ್ದ. ಅಂಬುಜಮ್ಮ ಹೊಸ ಸೀರೆಯುಟ್ಟು ಬಾಗಿಲ ನೆರಳಲ್ಲಿ ನಿಂತಿದ್ದರು.

“ಏನಾತ್ರೀ?”

“ಸ್ಟೇರಿಂಗ್ ಅಲ್ಲ ಅಜ್ಜಿ ಅದು, ಹೆಂಚು! ದೋಸೆ ಹುಯ್ಯಬಹುದು! ಸ್ನೇಹಿತನ ಮನೆ ಗೃಹಪ್ರವೇಶಕ್ಕೆ ಅಂತ ಬೆಳಿಗ್ಗೇನೇ ಮೈಸೂರು ಪಾಕ್ ಸೀಟ್ ಮೇಲಿಟ್ಟಿದ್ದೆ. ಬನ್ನಿ, ನೋಡಿ ಬನ್ನಿ, ಪಾಕ ಆಗಿ ಸೀಟೆಲ್ಲಾ ತುಪ್ಪ!”

ಹೊನ್ನವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ತಮ್ಮಾ, ಒಂದು ಮಾತು ಹೇಳಬೇಕಿತ್ತು. ನಾ ಹೇಳಿದ ಯಮ ಯಮ ಅಲ್ಲಂತ. ಜಪಾನ್ ಭಾಷ್ಯಾಗ ಯಾಮಾ ಅಂದ್ರ ಗುಡ್ಡ ಅಂತ. ನನ್ನ ಕಿವಿ ತಪ್ಪೇತಿ. ಅಂಬುಜಮ್ಮಾ, ನೀವೂ ಕೇಳ್ರಿ. ಅಂಜಬ್ಯಾಡ್ರಿ, ಗಿಡ ಬರೇ ಗಿಡ ಐತಿ.”

ಶ್ಯಾಮಸುಂದರನ ಎತ್ತಿದ ಕಾಲು ನೆಲಕ್ಕಿಳಿಯಿತು.

“ಗುಡ್ಡಾನಾ?” ಎಂದರು ಅಂಬುಜಮ್ಮ. “ಒಂದು ವಾರದಿಂದ ಮನೇಲಿ ಕೂತು ನನ್ನ ತಲೆ ಕೆಟ್ಟು ಗೊಬ್ಬರ ಆಗಿದೆಯಲ್ರೀ! ಒಂದು ಗುಡ್ಡಕ್ಕೆ ಹೆದರಿ!”

“ಅಯ್ಯೋ ಅಜ್ಜಿ,” ಶ್ಯಾಮಸುಂದರ ತಲೆ ಚಚ್ಚಿಕೊಂಡ, “ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತಾ? ಮೈಸೂರು ಪಾಕ್ ಆದ್ರೂ ಉಳೀತಿತ್ತು! ಯಮನೇ ಆಗಿದ್ರೂ ಅವನ ನೆರಳೇ ವಾಸಿ ಈ ಬಿಸಿಲಿಗಿಂತ.” ಬೀಗದ ಕೈ ಹಿಡಿದು ಗಿಡದ ಕಡೆಗೆ ಕಾರು ತಿರುಗಿಸಲು ಹೊರಟವನು ಗಕ್ಕನೆ ನಿಂತ. ಬಸವಕುಮಾರನ ಬಿಳಿ ಕಾರು ಕಳ್ಳಬೆಕ್ಕಿನಂತೆ ಸದ್ದಿಲ್ಲದೆ ಬಂದು ನೆರಳಿನ ನಟ್ಟನಡುವೆ ನಿಂತುಬಿಟ್ಟಿತ್ತು.

“ಏನ್ರೀ ಬಸವಕುಮಾರ್, ನಿಮಗೆ ಯಮನ ಭಯ ಇಲ್ವಾ?”

“ಬೆಳಿಗ್ಗೆ ನನ್ನ ತೊಡಿ ಸೀಟಿಗೆ ಹತ್ತಿ ಸುಟ್ಟೇತ್ರಿ,” ಎಂದು ಬಸವಕುಮಾರ ತಾಯಿಯ ಮುಖ ನೋಡದೆ ಹೇಳಿದ. “ಭಯ ಎಲ್ಲಾ ಅಲ್ಲೇ ಹೋತು.”

ಅಷ್ಟರಲ್ಲಿ ಕ್ಯಾಸ್ಮಿರ್ ಫೋನು ಹಿಡಿದುಕೊಂಡು ಬಂದ. “ಮಾಲೀಕರು ಲೈನಲ್ಲಿ ಉಂಟು. ಎಂತ ಹೇಳುದು?”

ಹಿತಾ ಅಜ್ಜಿಯ ಬೆರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

“ಕಡಿಯೋ ಮಾತು ಖಲಾಸ್ ಅಂತ ಹೇಳು,” ಎಂದ ಶ್ಯಾಮಸುಂದರ. “ಇನ್ನೊಂದು ಮರ ನೆಡೋಕೆ ಜಾಗ ಕೊಡ್ತಾರಾ ಕೇಳು. ಅಲ್ಲಿ, ನನ್ನ ಕಾರಿನ ಹತ್ರ!”

ಕ್ಯಾಸ್ಮಿರ್ ಅರಬಿಯಲ್ಲಿ ಏನೋ ಹೇಳಿದ. ಫೋನಿನೊಳಗಿಂದ ದೊಡ್ಡ ನಗು ಕೇಳಿಸಿತು. ಅದೇನೆಂದು ಕೇಳಲು ಹೊನ್ನವ್ವ ಕಿವಿ ಚಾಚಿದಳು. ಆಮೇಲೆ ಬೇಡವೆಂದು ಬಿಟ್ಟಳು. ಗೊತ್ತಿರದ ಭಾಷೆಯ ಸಹವಾಸ ಒಂದು ವಾರಕ್ಕೆ ಸಾಕಾಗಿತ್ತು.

ಅಂದು ಸಂಜೆ ಎರಡೂ ಕುರ್ಚಿ ತುಂಬಿದವು. ಕರಗಿ ಮತ್ತೆ ಗಟ್ಟಿಯಾದ ಮೈಸೂರು ಪಾಕನ್ನು ಅಂಬುಜಮ್ಮ ಚಮಚದಲ್ಲಿ ಕೆರೆದು ತಂದಿದ್ದರು. “ಆಕಾರ ಕೇಳಬೇಡಿ, ರುಚಿ ನೋಡಿ,” ಎಂದರು. ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮಾತು ಮುಂದುವರಿಯಿತು.

ಮರುದಿನ ಭಾನುವಾರ, ಇಲ್ಲಿ ಶಾಲೆಯ ವಾರ ಶುರುವಾಗುವ ದಿನ. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮುಂಚೆ ಹಿತಾ ಯೂನಿಫಾರಮ್ಮಿನಲ್ಲೇ ಅಜ್ಜಿಯ ಜೊತೆ ಇಳಿದು, ಬಕೆಟಿನ ಹಿಡಿಯ ಒಂದು ಬದಿ ಹಿಡಿದಳು.

“ಶೂ ತೋಯ್ತಾವ, ದೂರ ನಿಲ್ಲು.”

“ಇಟ್ಸ್ ಓಕೆ ಅಜ್ಜಿ. ನಾನು ಹಾಕ್ತೀನಿ.” ಅವಳು ಮೊದಲು ಎರಡೂ ಕೈಯಿಂದ ಒಂದು ಬೊಗಸೆ ತುಂಬಿ ಬುಡಕ್ಕೆ ಬಿಟ್ಟಳು. “ಕುಡಿ, ಗುಡ್ಡ.”

ಉಳಿದದ್ದನ್ನು ಹೊನ್ನವ್ವ ಬುಡದ ಸುತ್ತ ನಿಧಾನವಾಗಿ ಸುರಿದಳು. ತಳದಲ್ಲಿ ಕೂತಿದ್ದ ಎಲೆ, ಕಸ ಝಾಡಿಸಿದಳು. ಖಾಲಿ ಬಕೆಟನ್ನು ಮತ್ತೆ ಕೊಳವೆಯ ಕೆಳಗಿಟ್ಟು, ಅಲುಗಾಡದಂತೆ ಒಂದು ಕಲ್ಲು ಒತ್ತುಕೊಟ್ಟಳು.