ಕ್ಯಾಪ್ಟನ್ನರ ಹತ್ತು ಸಾವಿರ ಹೆಜ್ಜೆ

ಕ್ಯಾಪ್ಟನ್ ಯಾವ ಸೈನ್ಯದಲ್ಲೂ ಇದ್ದವರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತಾರು ವರ್ಷ ಕಡತ ತಿರುವಿ, ಅದರಲ್ಲಿ ಕೊನೆಯ ನಾಲ್ಕು ವರ್ಷ ಹೆಡ್ ಕ್ಲರ್ಕ್ ಕುರ್ಚಿಯಲ್ಲಿ ಕೂತು, ಒಂದು ಗೋಡೆ ಗಡಿಯಾರ ಉಡುಗೊರೆ ಪಡೆದು ಮನೆಗೆ ಬಂದವರು. ನಿವೃತ್ತಿಯ ಮಾರನೇ ದಿನ ಎದ್ದು ನೋಡಿದರೆ ಬೈಯಲು ಒಬ್ಬ ಗುಮಾಸ್ತನೂ ಇಲ್ಲ. ಆ ಸಂಕಟಕ್ಕೆ ಮದ್ದು ಹುಡುಕಿಕೊಂಡು ಪಾರ್ಕಿಗೆ ಹೋದವರು, ಅಲ್ಲಿ ತಮ್ಮ ಪಾಡಿಗೆ ತಾವು ಅಡ್ಡಾಡುತ್ತಿದ್ದ ಆರು ಜನ ಪಾಪದವರನ್ನು ಹಿಡಿದು ಒಂದು ನಡಿಗೆಯ ಗುಂಪು ಕಟ್ಟಿದರು.

ಗುಂಪಿಗೆ ಹಾಜರಿ ಪುಸ್ತಕವಿತ್ತು. ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ಇರಬೇಕು, ಒಂದು ನಿಮಿಷ ತಡವಾದರೂ ಹೆಸರಿನ ಮುಂದೆ ಕೆಂಪು ಗೆರೆ. ನಡೆಯುವಾಗ ಕ್ಯಾಪ್ಟನ್ ಮುಂದೆ, ಮಿಕ್ಕವರು ಹಿಂದೆ. ಅವರು ಎಂದೂ ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ನಾಯಕನಾದವನು ತಿರುಗಿ ನೋಡಿದರೆ ಅನುಯಾಯಿಗಳಿಗೆ ಸಲಿಗೆ ಬಂದುಬಿಡುತ್ತದೆ ಎಂದು ಅವರ ನಂಬಿಕೆ. ಸಾಲಿನ ಕೊನೆಯಲ್ಲಿ ಬರುತ್ತಿದ್ದವರು ಕಾಂಪೌಂಡರ್. ಹಳೇ ದವಾಖಾನೆಯೊಂದರಲ್ಲಿ ನಲವತ್ತು ವರ್ಷ ಔಷಧಿ ಕಲಸಿ ಕೊಟ್ಟ ಮನುಷ್ಯ, ಮಾತು ಬಲು ಕಡಿಮೆ. ಎಲ್ಲರ ಬೆನ್ನು ನೋಡುತ್ತ ನಡೆದೇ ಯಾರ ಮಂಡಿ ಹಿಡಿದಿದೆ, ಯಾರಿಗೆ ನಿದ್ದೆಯಾಗಿಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು. ಕೇಳಿದರೆ ಹೇಳುತ್ತಿದ್ದರು. ಕ್ಯಾಪ್ಟನ್ ಕೇಳಿದವರಲ್ಲ.

ಲಾಕ್‌ಡೌನ್ ಬಂತು, ಪಾರ್ಕಿನ ಗೇಟಿಗೆ ಸರಪಳಿ ಬಿತ್ತು. ಊರಿಗೆಲ್ಲ ರೋಗದ ಭಯ, ಕ್ಯಾಪ್ಟನ್ನರಿಗೆ ಗುಂಪು ಕೈಬಿಟ್ಟು ಹೋದೀತೆಂಬ ಭಯ. ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತರು. ಮೂರನೇ ದಿನ ವಾಟ್ಸಪ್ಪಿನಲ್ಲಿ ಗುಂಪು ಮಾಡಿ ಫರ್ಮಾನು ಹೊರಡಿಸಿದರು: ಪ್ರತಿಯೊಬ್ಬರೂ ಮನೆಯೊಳಗೇ ನಡೆಯತಕ್ಕದ್ದು, ದಿನದ ಹೆಜ್ಜೆಗಳ ಲೆಕ್ಕವನ್ನು ಫೋನಿನಿಂದ ತೆಗೆದು ಸಂಜೆ ಏಳಕ್ಕೆ ಸರಿಯಾಗಿ ಕಳಿಸತಕ್ಕದ್ದು. 'ದೂರವಿದ್ದರೂ ಜೊತೆಗಿರೋಣ, ಆರೋಗ್ಯವಾಗಿರೋಣ' ಎಂದು ಕೆಳಗೆ ಒಂದು ಸಾಲು ಸೇರಿಸಿದರು. ಅದು ಚೆನ್ನಾಗಿದೆ ಎಂದು ಆರು ಜನರೂ ಹೆಬ್ಬೆರಳು ತೋರಿಸಿದರು.

ಮೊದಲ ಸಂಜೆ ಟೈಲರ್ ಎಂಟು ಸಾವಿರ ಕಳಿಸಿದ. ಈ ಟೈಲರ್ ಫೋನನ್ನು ಹೊಲಿಗೆ ಯಂತ್ರದ ಪೆಡಲಿಗೆ ಕಟ್ಟಿ, ಮುಖಕ್ಕೆ ಕಟ್ಟುವ ಬಟ್ಟೆಗಳನ್ನು ದಿನವಿಡೀ ಹೊಲಿಯುತ್ತಿದ್ದ ಎಂಬುದು ಆಮೇಲೆ ಗೊತ್ತಾದ ಸಂಗತಿ. ನಿವೃತ್ತ ಲೆಕ್ಚರರ್ ಐದು ಸಾವಿರ ಕಳಿಸಿ, ನಡಿಗೆಯ ಮಹತ್ವದ ಬಗ್ಗೆ ಒಂಬತ್ತು ನಿಮಿಷ ಮಾತಾಡಿ ಅದನ್ನೂ ಕಳಿಸಿದರು. ಕ್ಯಾಪ್ಟನ್ನರ ಫೋನ್ ತೋರಿಸಿದ್ದು ಸಾವಿರದ ನಲವತ್ತು. ಊಟದ ಮೇಜಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತಿ ತಲೆ ತಿರುಗಿ, ಸೋಫಾದ ಮೇಲೆ ಬಿದ್ದುಕೊಂಡಿದ್ದರ ಫಲ ಅದು. ನಾಯಕ ಸಾವಿರದ ನಲವತ್ತು ಎಂದು ಹೇಗೆ ಬರೆಯುವುದು? ಚಾರ್ಜ್ ಇರಲಿಲ್ಲ ಎಂದು ಬರೆದು ಮರ್ಯಾದೆ ಉಳಿಸಿಕೊಂಡರು.

ಹೀಗೆ ನಾಲ್ಕು ದಿನ ಚಾರ್ಜ್ ಇರಲಿಲ್ಲ. ಐದನೇ ದಿನ ಅವರ ಹೆಂಡತಿಗೆ ಅಕ್ಕನಿಂದ ಫೋನ್ ಬರಬೇಕಿತ್ತು. ತಮ್ಮದು ಗುಂಡಿ ಒತ್ತುವ ಹಳೇ ಫೋನ್, ಅದರಲ್ಲಿ ಮುಖ ಕಾಣುವುದಿಲ್ಲ ಎಂದು ಆಕೆ ಗಂಡನ ಫೋನನ್ನು ಬೆಳಿಗ್ಗೆಯೇ ತಮ್ಮ ಸ್ವೆಟರಿನ ಜೇಬಿಗೆ ಹಾಕಿಕೊಂಡರು. ಸಂಜೆ ಅದನ್ನು ಕೈಗೆತ್ತಿಕೊಂಡ ಕ್ಯಾಪ್ಟನ್ ಕಣ್ಣುಜ್ಜಿಕೊಂಡರು. ಒಂಬತ್ತು ಸಾವಿರದ ಎಂಟುನೂರ ಅರವತ್ತು.

ಫೋನ್ ಕೆಟ್ಟಿದೆ ಎಂದುಕೊಂಡರು. ಮಾರನೇ ದಿನವೂ ಆಕೆಯ ಜೇಬಿನಲ್ಲೇ ಇಟ್ಟು ನೋಡಿದರು. ಹತ್ತು ಸಾವಿರದ ಇನ್ನೂರು. ಇರುವುದು ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವ ಮೊಳದುದ್ದದ ಜಾಗ. ಅದರಲ್ಲಿ ಈ ಹೆಂಗಸು ಹತ್ತು ಸಾವಿರ ಹೆಜ್ಜೆ ಎಲ್ಲಿಗೆ ಹಾಕುತ್ತಾಳೆ? ಬೇರೆ ಯಾರಿಗಾದರೂ ಈ ಪ್ರಶ್ನೆ ಮನಸ್ಸಿಗೆ ಚುಚ್ಚುತ್ತಿತ್ತೋ ಏನೋ. ಕ್ಯಾಪ್ಟನ್ನರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗುಂಪಿಗೆ ಲೆಕ್ಕ ಕಳಿಸಿದರು. ಟೈಲರ್ ನಮಸ್ಕಾರ ಕಳಿಸಿದ.

"ಇವಳೇ, ಈ ಫೋನ್ ನಿನ್ನ ಹತ್ರಾನೇ ಇರಲಿ. ನಿಮ್ಮಕ್ಕ ಯಾವಾಗ ಬೇಕಾದ್ರೂ ಮಾಡ್ಬಹುದು" ಎಂದರು.

ಮೂವತ್ತೆಂಟು ವರ್ಷದಲ್ಲಿ ಗಂಡ ತನ್ನ ಅಕ್ಕನ ಸುದ್ದಿ ತಾನಾಗಿ ಎತ್ತಿದ್ದು ಆಕೆಗೆ ನೆನಪಿರಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಗಂಡಸರೂ ಮೆತ್ತಗಾಗುತ್ತಾರೆ ಎಂದುಕೊಂಡು, ಆ ಸಂತೋಷಕ್ಕೆ ಇನ್ನೊಂದು ಲೋಟ ಕಾಫಿ ಮಾಡಿ ತಂದರು. ಅದಕ್ಕೆ ಇಪ್ಪತ್ತೆರಡು ಹೆಜ್ಜೆ.

ಇಪ್ಪತ್ತೆರಡು ಎಂದು ಗೊತ್ತಾದದ್ದು ಹೇಗೆಂದರೆ, ಕ್ಯಾಪ್ಟನ್ ಅಷ್ಟು ಹೊತ್ತಿಗೆ ಎಲ್ಲಕ್ಕೂ ಲೆಕ್ಕ ಕಟ್ಟಿದ್ದರು. ಅಡುಗೆಮನೆಯಿಂದ ತಮ್ಮ ಕುರ್ಚಿಗೆ ಬಂದು ಹೋಗಲು ಇಪ್ಪತ್ತೆರಡು. ಮಲಗುವ ಕೋಣೆಯಿಂದ ಕನ್ನಡಕ ತರಲು ಮೂವತ್ತು. ಕೆಳಗೆ ಹೋಗಿ ತರಕಾರಿ ಗಾಡಿಯ ಸಾಲಿನಲ್ಲಿ ನಿಂತು ಬರಲು ಆರುನೂರು. ಹೊರಗಿನ ಕೆಲಸಕ್ಕೆಲ್ಲ ಆಕೆಯೇ ಹೋಗುತ್ತಿದ್ದರು, ಏಕೆಂದರೆ ಗುಂಪಿನ ಜವಾಬ್ದಾರಿ ಹೊತ್ತವರು ಸೋಂಕು ತಗುಲಿಸಿಕೊಳ್ಳುವ ಹಾಗಿರಲಿಲ್ಲ. ಸಂಜೆ ಆರೂವರೆಗೆ ಹತ್ತು ಸಾವಿರಕ್ಕೆ ನಲವತ್ತೋ ಐವತ್ತೋ ಕಡಿಮೆ ಬಿದ್ದರೆ ಕ್ಯಾಪ್ಟನ್ನರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆ. ನೀರು ಬಂದ ಮೇಲೆ ಪೇಪರು. ಪೇಪರು ಬಂದ ಮೇಲೆ ಕನ್ನಡಕ. ಏಳಕ್ಕೆ ಸರಿಯಾಗಿ ಕುರ್ಚಿಯಲ್ಲಿ ಕಾಲು ಚಾಚಿ, 'ಮನಸ್ಸಿದ್ದರೆ ಮನೆಯೇ ಮೈದಾನ, ಇವತ್ತೂ ಹತ್ತು ಸಾವಿರ' ಎಂದು ಬರೆಯುತ್ತಿದ್ದರು.

ಗುಂಪಿನಲ್ಲಿ ಅವರ ಹೆಸರು ನೆಲ ಬಿಟ್ಟು ಮೇಲೇರಿತು. ಅರವತ್ತೈದರಲ್ಲಿ ಈ ಶಿಸ್ತು ಯಾರಿಗೆ ಬರುತ್ತದೆ ಎಂದು ಲೆಕ್ಚರರ್ ಹನ್ನೊಂದು ನಿಮಿಷ ಮಾತಾಡಿದರು. ಟೈಲರ್ ನಾಚಿಕೊಂಡು ಪೆಡಲಿನಿಂದ ಫೋನ್ ಬಿಚ್ಚಿ, ನಿಜವಾಗಿಯೂ ಮಹಡಿ ಮೇಲೆ ನಡೆಯಲು ಶುರುಮಾಡಿದ. ಕಾಂಪೌಂಡರ್ ಮಾತ್ರ ಏನೂ ಹೇಳದೆ ತಮ್ಮ ಮೂರು ಸಾವಿರವನ್ನು ದಿನಾ ತಪ್ಪದೆ ಕಳಿಸುತ್ತಿದ್ದರು.

ಐದು ವಾರ ಹೀಗೆ ಮೆರೆದದ್ದಾಯಿತು. ಆರನೇ ವಾರದ ಸೋಮವಾರ ಲೆಕ್ಕ ಎಂಟು ಸಾವಿರದ ಎಂಟುನೂರಕ್ಕೆ ನಿಂತಿತು. ಮೂರು ಸಲ ನೀರು ತರಿಸಿದರೂ ಮೇಲೇಳಲಿಲ್ಲ. ಮಂಗಳವಾರ ಏಳು ಸಾವಿರದ ಇನ್ನೂರು. ಬುಧವಾರ ಐದು ಸಾವಿರದ ಒಂಬೈನೂರು.

"ಏನಾಗಿದೆ ನಿಂಗೆ? ಇವತ್ತು ಕೂತಲ್ಲೇ ಕೂತಿದೀಯಲ್ಲ" ಎಂದು ಕ್ಯಾಪ್ಟನ್ ಸಿಡುಕಿದರು.

"ಯಾಕೋ ಸುಸ್ತು ಕಣ್ರೀ."

"ಅದಕ್ಕೇ ಹೇಳೋದು, ಸ್ವಲ್ಪ ಓಡಾಡ್ತಾ ಇರ್ಬೇಕು."

ಹೀಗೆಂದು ಹೇಳಿದವರು ಅಂದು ಎದ್ದು ಓಡಾಡಿದ್ದು ಬಚ್ಚಲಮನೆಗೆ ಮಾತ್ರ. ಗುರುವಾರ ನಾಲ್ಕು ಸಾವಿರದ ನೂರು. ಕ್ಯಾಪ್ಟನ್‌ಗೆ ವಯಸ್ಸಾಯ್ತು ಎಂದು ಗುಂಪಿನಲ್ಲಿ ಯಾರೋ ನಗುವ ಮುಖ ಹಾಕಿದರು. ಅವರ ಮೈಯೆಲ್ಲ ಉರಿದುಹೋಯಿತು. ಶುಕ್ರವಾರ ಬೆಳಿಗ್ಗೆ ಕಾಂಪೌಂಡರ್ ಫೋನ್ ಮಾಡಿದರು. ಪರಿಚಯವಾದ ಐದು ವರ್ಷದಲ್ಲಿ ಅವರಾಗಿ ಮಾಡಿದ ಮೊದಲ ಫೋನ್ ಅದು. ಹೆಂಡತಿ ಜೇಬಿನಿಂದ ತೆಗೆದು ಕೊಟ್ಟು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು.

"ಸಾರ್, ನಾಲ್ಕು ದಿನದಿಂದ ನಿಮ್ಮ ಹೆಜ್ಜೆ ಇಳೀತಾ ಇದೆ. ಮಂಡಿ ನೋವಾದ್ರೆ ಒಂದೇ ದಿನಕ್ಕೆ ನಿಲ್ಲುತ್ತೆ. ಹೀಗೆ ದಿನಾ ಅಷ್ಟಷ್ಟು ಕಡಿಮೆ ಆಗೋದು ಒಳಗಡೆ ಏನೋ ಆದಾಗ. ಜ್ವರ ಇದೆಯಾ?"

"ಇಲ್ಲಪ್ಪ."

"ನಾಲ್ಕು ಹೆಜ್ಜೆ ಹಾಕಿದ್ರೆ ಉಸಿರು ಹಿಡಿಯುತ್ತಾ? ವಾಸನೆ ಗೊತ್ತಾಗ್ತಿದೆಯಾ?"

"ನಾನು ಗುಂಡುಕಲ್ಲಿನ ಹಾಗಿದೀನಿ ಕಾಂಪೌಂಡರೇ. ನೀವು ನಿಮ್ಮ ಮೂರು ಸಾವಿರ ನೋಡ್ಕೊಳ್ಳಿ" ಎಂದು ಫೋನ್ ಇಟ್ಟರು.

ಇಡುವಾಗಲೇ ಮೂಗಿಗೆ ಸೀದ ವಾಸನೆ ಬಡಿಯಿತು. ಹೋಗಿ ನೋಡಿದರೆ ಒಲೆ ಮೇಲೆ ಹಾಲು ಉಕ್ಕಿ, ಸುರಿದು, ಪಾತ್ರೆಯ ತಳ ಕರ್ರಗಾಗಿ ಹೊಗೆ ಏಳುತ್ತಿದೆ. ಹೆಂಡತಿ ಒಲೆಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾರೆ. ಎದೆ ಬೇಗಬೇಗ ಏರಿಳಿಯುತ್ತಿದೆ.

"ಹಾಲು ಸೀದುಹೋಗಿದೆ, ವಾಸನೆ ಬರ್ಲಿಲ್ವಾ?"

ಆಕೆ ಕಣ್ಣು ಬಿಟ್ಟರು. "ಮೊನ್ನೆಯಿಂದ ಯಾವ ವಾಸನೆಯೂ ಇಲ್ಲ."

ಕ್ಯಾಪ್ಟನ್ ಒಲೆ ಆರಿಸಿದರು. ಆಕೆಯ ಕೈ ಹಿಡಿದು ನೋಡಿದರೆ ಸುಡುತ್ತಿತ್ತು. ಆ ಕೈಯನ್ನು ಹೀಗೆ ಹಿಡಿದು ಎಷ್ಟು ವರ್ಷವಾಯಿತು ಎಂಬ ಲೆಕ್ಕ ಅವರ ಬಳಿ ಇರಲಿಲ್ಲ. ಆಸ್ಪತ್ರೆಯ ನಂಬರಿಗೆ ಹಚ್ಚಿದರು, ಯಾರೂ ಎತ್ತಲಿಲ್ಲ. ಇನ್ನೊಂದಕ್ಕೆ ಹಚ್ಚಿದರು, ಹಾಸಿಗೆ ಇಲ್ಲ ಎಂದರು. ಕೊನೆಗೆ ಗುಂಪಿನಲ್ಲಿ ಬರೆದರು: 'ನಮ್ಮ ಮನೆಯವಳಿಗೆ ಹುಷಾರಿಲ್ಲ. ಆಸ್ಪತ್ರೆ ಬೇಕು.'

ಅರ್ಧ ನಿಮಿಷಕ್ಕೆ ಕಾಂಪೌಂಡರ ಉತ್ತರ ಬಂತು. 'ಎಂದಿನಿಂದ? ಸರಿಯಾದ ದಿನ ಹೇಳಿ. ಹಾಸಿಗೆ ಕೊಡೋರು ಮೊದಲು ಕೇಳೋದು ಅದನ್ನೇ. ಇವತ್ತೇ ಶುರು ಅಂದ್ರೆ ಮನೇಲೇ ಇರಿಸಿ ಅಂತಾರೆ.'

ಕ್ಯಾಪ್ಟನ್ ಹೆಂಡತಿಯನ್ನು ಕೇಳಿದರು. ಆಕೆಗೆ ದಿನವೇ ನೆನಪಿಗೆ ಬರುತ್ತಿಲ್ಲ. ದಿನ ಗೊತ್ತಿದ್ದದ್ದು ಆ ಫೋನಿಗೆ. ಸೋಮವಾರ, ಎಂಟು ಸಾವಿರದ ಎಂಟುನೂರು. ಅದು ಏಳೂ ಜನರ ಫೋನಿನಲ್ಲಿ, ಕ್ಯಾಪ್ಟನ್ನರ ಹೆಸರಿನ ಕೆಳಗೆ ಬಿದ್ದಿತ್ತು.

'ಮೊನ್ನೆ' ಎಂದು ಬರೆದರು. ಅಳಿಸಿದರು. 'ಸೋಮವಾರ ಇರಬಹುದು' ಎಂದು ಬರೆದರು. ಇರಬಹುದು ಎಂದರೆ ಹಾಸಿಗೆ ಸಿಗುತ್ತದೆಯೇ? ಅದನ್ನೂ ಅಳಿಸಿದರು. ಅಷ್ಟು ಹೊತ್ತೂ ಆಕೆಯ ಉಸಿರು ಪಕ್ಕದಲ್ಲಿ ಕೇಳುತ್ತಿತ್ತು, ಈ ಮನುಷ್ಯ ಮಾತ್ರ ತನ್ನ ಮೀಸೆ ಮಣ್ಣಾಗುವುದನ್ನು ಯೋಚಿಸುತ್ತಿದ್ದ. ಹಾಗೆ ಯೋಚಿಸಿದ್ದು ಒಂದು ನಿಮಿಷವೇ ಇರಬೇಕು, ಆದರೂ ಯೋಚಿಸಿದ್ದು ನಿಜ. ಆಕೆ ಒಮ್ಮೆ ಕೆಮ್ಮಿ, ಮತ್ತೆ ಉಸಿರು ಎಳೆದುಕೊಳ್ಳಲು ಪರದಾಡಿದಾಗ ಅವರ ಬೆರಳು ತಾನಾಗಿ ಓಡಿತು.

'ಸೋಮವಾರದಿಂದ. ನಾನು ಕಳಿಸುತ್ತಿದ್ದ ಹೆಜ್ಜೆ ನನ್ನವಲ್ಲ, ಅವಳವು. ಫೋನ್ ಅವಳ ಜೇಬಿನಲ್ಲಿತ್ತು. ಎಲ್ಲಾ ದಿನವೂ.'

ಯಾರೂ ನಗುವ ಮುಖ ಹಾಕಲಿಲ್ಲ. ಲೆಕ್ಚರರ್ ಕೂಡ ಏನೂ ಮಾತಾಡದೆ ತಮ್ಮ ಹಳೇ ವಿದ್ಯಾರ್ಥಿಯೊಬ್ಬ ಆಂಬುಲೆನ್ಸ್ ಕಚೇರಿಯಲ್ಲಿದ್ದದ್ದು ನೆನಪಾಗಿ ಅವನ ಬೆನ್ನು ಹತ್ತಿದರು. ಟೈಲರ್ ಆಕ್ಸಿಜನ್ ನೋಡುವ ಪುಟ್ಟ ಯಂತ್ರವನ್ನು ಎಲ್ಲಿಂದಲೋ ಹೊಂದಿಸಿ ತಂದು ಗೇಟಿಗೆ ನೇತುಹಾಕಿ ಹೋದ. ಆಕೆಯ ಬೆರಳಿಗೆ ಸಿಕ್ಕಿಸಿದರೆ, ತೊಂಬತ್ತೈದು ಇರಬೇಕಾದಲ್ಲಿ ಎಂಬತ್ತಾರು ತೋರಿಸಿತು. ಕಾಂಪೌಂಡರ್ ತಮ್ಮ ದವಾಖಾನೆಯ ಹಳೇ ಡಾಕ್ಟರನ್ನು ಹಿಡಿದು, ಐದು ದಿನದ ಲೆಕ್ಕ ಒಪ್ಪಿಸಿ, ಮಧ್ಯಾಹ್ನದೊಳಗೆ ಒಂದು ಹಾಸಿಗೆ ಮಾಡಿಸಿಕೊಟ್ಟರು. ಇನ್ನೆರಡು ದಿನ ತಡವಾಗಿದ್ದರೆ ಕೈಲಾಗುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಆಮೇಲೆ ಹೇಳಿದರು.

ಆಂಬುಲೆನ್ಸಿನವರು ಆಕೆಯನ್ನು ಹಾಗೆಯೇ ಸ್ವೆಟರ್ ಸಮೇತ ಕರೆದುಕೊಂಡು ಹೋದರು. ಗಂಡನನ್ನು ಹತ್ತಿಸಿಕೊಳ್ಳಲಿಲ್ಲ. ಬಾಗಿಲಿಗೆ ಕಾಗದ ಅಂಟಿಸಿ, ಹದಿನಾಲ್ಕು ದಿನ ಹೊಸಿಲು ದಾಟಬೇಡಿ ಎಂದರು. ಆಸ್ಪತ್ರೆಯಲ್ಲಿ ಬೇಕಾಗುತ್ತದೆಂದು ಕ್ಯಾಪ್ಟನ್ ತಮ್ಮ ಫೋನನ್ನು ಮತ್ತೆ ಆಕೆಯ ಜೇಬಿಗೇ ಹಾಕಿ ಕಳಿಸಿದ್ದರು, ಅವರ ಪಾಲಿಗೆ ಉಳಿದದ್ದು ಗುಂಡಿ ಒತ್ತುವ ಹಳೇ ಫೋನ್. ಅದರಲ್ಲಿ ಗುಂಪೂ ಇಲ್ಲ, ಮುಖವೂ ಕಾಣುವುದಿಲ್ಲ. ಏಳು ಗಂಟೆಗೆ ಕಾಂಪೌಂಡರ್ ಫೋನ್ ಮಾಡಿ ಹೇಳುವವರೆಗೆ ಅವರು ಕಾಯಬೇಕು.

"ಇವತ್ತು ಸೊನ್ನೆ ಸಾರ್" ಎಂದು ಅವರು ಆಸ್ಪತ್ರೆಯ ನರ್ಸ್ ಹೇಳಿದ್ದನ್ನು ಐದು ದಿನ ಒಪ್ಪಿಸಿದರು. ಆ ಐದು ದಿನ ಕ್ಯಾಪ್ಟನ್ ಅನ್ನ ಬೇಯಿಸಲು ಹೋಗಿ ಕೈ ಸುಟ್ಟುಕೊಂಡರು, ಪೊರಕೆ ಹುಡುಕಿದರು, ಒಗೆದ ಬಟ್ಟೆ ಒಣಗುವ ಮುಂಚೆ ಮಡಿಸಿದರು, ಸಿಂಕಿನ ಮುಂದೆ ನಿಂತು ಮಗುವಿನ ಹಾಗೆ ಅತ್ತರು. ಮುಂದೆ ನಡೆದುಕೊಂಡೇ ಬಂದ ಇಷ್ಟು ವರ್ಷದಲ್ಲಿ ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡದವರಿಗೆ ಈಗ ನೋಡಲು ಹಿಂದೆ ಯಾರೂ ಇರಲಿಲ್ಲ.

ಆರನೇ ದಿನ ಕಾಂಪೌಂಡರ ದನಿ ಬೇರೆಯಾಗಿತ್ತು. "ಹದಿನಾಲ್ಕು ಸಾರ್. ಮಂಚದಿಂದ ಕಿಟಕಿಗೆ ಹೋಗಿ ಬಂದ್ರಂತೆ. ಅತ್ತಿಗೆಯೇ ಬರೆದಿದಾರೆ. ಗುಂಪಲ್ಲಿ ಎಲ್ರೂ ಕುಣೀತಿದಾರೆ." ಮರುದಿನ ಮೂವತ್ತು. ಅದರ ಮರುದಿನ ಎಂಬತ್ತು. ಹತ್ತು ಸಾವಿರಕ್ಕೆ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಿದ್ದ ಗುಂಪು ಎಂಬತ್ತಕ್ಕೆ ಹೂವಿನ ರಾಶಿ ಸುರಿಯಿತು.

ಮೂರನೇ ವಾರ ಆಕೆ ಮನೆಗೆ ಬಂದರು. ಅರ್ಧ ಇಳಿದುಹೋಗಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕ್ಯಾಪ್ಟನ್ ಎದುರಿಗೆ ನಿಂತರು. ಆಸ್ಪತ್ರೆಯ ಮಂಚದಲ್ಲಿ ಬೇರೆ ಕೆಲಸವಿಲ್ಲದೆ ಆಕೆ ಗುಂಪಿನ ಹಳೇ ಮಾತುಗಳನ್ನೆಲ್ಲ ಮೊದಲಿಂದ ಓದಿದ್ದರು ಎಂದು ಅವರಿಗೆ ಗೊತ್ತಿತ್ತು. ಬೈಗುಳಕ್ಕೆ ಮೈಯೆಲ್ಲ ಸಿದ್ಧ ಮಾಡಿಕೊಂಡಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಕೆ ಬೈಯಲಿಲ್ಲ. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ಮೆಲ್ಲಗೆ ಕೇಳಿದರು.

"ಆ ಕಾಂಪೌಂಡರ್ ಮನೆ ಎಲ್ಲಿ?"

"ಎರಡು ಬೀದಿ ಆಚೆ."

"ಒಂದಿನಾನೂ ನನ್ನ ನೋಡಿದವರಲ್ಲ. ಎರಡು ಬೀದಿ ಆಚೆ ಕೂತು ಅವರಿಗೆ ಗೊತ್ತಾಯ್ತು, ಯಾರೋ ನಡೆಯೋಕೆ ಆಗ್ದೆ ನಿಲ್ತಾ ಇದಾರೆ ಅಂತ" ಎಂದರು. "ನೀವು ಎದುರಿಗೇ ಕೂತಿದ್ರಿ."