ದಡದಲ್ಲಿ ನಿಂತಿದ್ದ ಅಕ್ಕ

ದೆವ್ವ, ಮೋಹಿನಿ, ಗಾಳಿ ಸೋಕುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ, ‘ನೀವೇ ಕಣ್ಣಾರೆ ಕಂಡಿರಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಕಂಡವನು ಯಾವಾಗಲೂ ಹೇಳುವವನ ಸೋದರಮಾವನೋ ಪಕ್ಕದೂರಿನವನೋ ಆಗಿರುತ್ತಿದ್ದ. ಈಗ ನಾನೇ ಕಂಡದ್ದನ್ನು ಬರೆಯಲು ಕೂತಿದ್ದೇನೆ. ಓದುವವರು ನಕ್ಕರೆ ಬೇಸರವಿಲ್ಲ, ನಾನೂ ನಕ್ಕವನೇ.

ಆಗ ನಾನು ಮದ್ದೂರಿನಲ್ಲಿ ಮೇಷ್ಟರು. ಯುದ್ಧ ಮುಗಿದ ವರ್ಷ. ದಂಡಿನಿಂದ ಹಿಂದಿರುಗಿದ ಗೆಳೆಯನೊಬ್ಬ ತನ್ನ ಹಳೆಯ ದುರ್ಬೀನನ್ನು ನನಗೆ ಕೊಟ್ಟಿದ್ದ. ಅದು ಕೈಗೆ ಬಂದದ್ದೇ ತಡ, ಹಕ್ಕಿ ನೋಡುವ ಹುಚ್ಚು ಹಿಡಿಯಿತು. ದಸರಾ ರಜಕ್ಕೆ ಅಕ್ಕನ ಊರಿಗೆ ಹೋದೆ. ಮಳವಳ್ಳಿಯಿಂದಾಚೆ, ಶಿವನಸಮುದ್ರಕ್ಕೆ ಸ್ವಲ್ಪ ಮೇಲೆ, ಕಾವೇರಿ ದಡದ ಹಳ್ಳಿ ಅದು. ಮಳೆಗಾಲದ ನೀರು ಇಳಿದಾಗ ಹೊಳೆಯ ನಡುವೆ ಮರಳಿನ ದಿಬ್ಬವೊಂದು ಏಳುತ್ತಿತ್ತು. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಅಲ್ಲಿ ಇಳಿಯುತ್ತಿದ್ದವು.

ಅಕ್ಕನ ಗಂಡ, ನಮ್ಮ ಭಾವ, ಅಪ್ಪಟ ಬೇಸಾಯಗಾರರು. ಹಕ್ಕಿ ಎಂದರೆ ಪೈರಿನ ಕಳ್ಳರು ಎಂದೇ ಅವರ ಎಣಿಕೆ. ಆದರೂ ಒಂದು ಮಧ್ಯಾಹ್ನ, ‘ನಡಿಯಪ್ಪಾ ಮೇಷ್ಟ್ರೇ, ಅದೇನ್ ನೋಡೀಯೋ ನಾನೂವೆ ನೋಡ್ತೀನಿ’ ಎಂದು ಜೊತೆಗೆ ಹೊರಟರು. ಅಕ್ಕ ಎರಡು ದಿನದ ಹಿಂದೆ ಕಾಲು ಉಳುಕಿಸಿಕೊಂಡಿದ್ದಳು. ಹುಣಸೆ ಪಟ್ಟು ಹಾಕಿಕೊಂಡು ಜಗಲಿಯ ಮೇಲೆ ಕೂತೇ ನಮ್ಮನ್ನು ಕಳಿಸಿದಳು.

ಮೊಣಕಾಲುದ್ದ ನೀರು ದಾಟಿ, ದಿಬ್ಬದ ಮೇಲೆ ಜೊಂಡಿನ ಮರೆಯಲ್ಲಿ ಕೂತೆವು. ಬಾಲ ಕುಣಿಸುವ ಸಿಪಿಲೆಗಳು, ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದ ನೀರುಕಾಗೆಗಳು, ಆಚೆ ತುದಿಯಲ್ಲಿ ಹೆಜ್ಜಾರ್ಲೆಗಳ ಹಿಂಡು. ಭಾವ ದುರ್ಬೀನನ್ನು ನನ್ನ ಕೈಗೆ ಕೊಡಲೇ ಇಲ್ಲ. ‘ಅದ್ರ ಕೊಕ್ಕಿನ ಚೀಲ ನೋಡ್ಲಾ, ನಿಮ್ಮವ್ವನ ಸಂತೆ ಚೀಲ ಇದ್ದಂಗದೆ!’ ಎಂದು ಮಗುವಿನ ಹಾಗೆ ನಕ್ಕರು.

ಹೊತ್ತು ಇಳಿಯುತ್ತಿರುವಾಗ ನಾವು ದಾಟಿ ಬಂದ ದಡದಿಂದ ‘ತಮ್ಮಯ್ಯಾ’ ಎಂಬ ಕೂಗು ಕೇಳಿತು. ಹಾಗೆ ನನ್ನನ್ನು ಕರೆಯುವವಳು ಅಕ್ಕ ಒಬ್ಬಳೇ. ದುರ್ಬೀನು ಕಸಿದು ನೋಡಿದೆ. ಅಕ್ಕನೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾ ಬಾ ಎಂದು ಕೈಬೀಸುತ್ತಿದ್ದಳು. ಅವಳ ಮುಖ ನನಗೆ ಚೆನ್ನಾಗಿ ಕಂಡಿತು. ಭಾವನೂ ನೋಡಿದರು, ಅವರ ಮುಖದ ನಗು ಹಾರಿಹೋಯಿತು.

‘ಓಗ್ಬ್ಯಾಡ ಕಣ್ಲಾ’ ಎಂದು ನನ್ನ ತೋಳು ಹಿಡಿದರು. ‘ಒಂದೇ ಕೂಗು ಕೂಗ್ತು. ಮೂರು ಕೂಗು ಕೂಗ್ದಿದ್ರೆ ಮನುಸ್ರಲ್ಲ. ಕಾಲೆತ್ತಿ ಇಡಕ್ಕಾಗ್ದೋಳು ಇಲ್ಲೀಗಂಟ ಎಂಗ್ ಬಂದಾಳು?’

ನಮ್ಮ ಸೀಮೆಯಲ್ಲಿ ಅದು ಎಲ್ಲರೂ ಪಾಲಿಸುವ ಕಟ್ಟಳೆ. ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ. ನನಗೆ ಸಿಟ್ಟು ಬಂತು. ಅಂಥ ಕಾಲಿಟ್ಟುಕೊಂಡು ಬಂದಿದ್ದಾಳೆಂದರೆ ಮನೆಯಲ್ಲಿ ಏನೋ ಅನಾಹುತವಾಗಿರಬೇಕು, ಇವರು ಮೋಹಿನಿ ಕಥೆ ಹೇಳುತ್ತಿದ್ದಾರಲ್ಲ ಎಂದು ತೋಳು ಕೊಡವಿ ನೀರಿಗಿಳಿದೆ. ಹೆಂಡತಿಯ ತಮ್ಮನನ್ನು ಒಬ್ಬನೇ ಬಿಡಲಾರದೆ ಭಾವನೂ ಶಪಿಸುತ್ತಾ ಹಿಂದೆ ಬಂದರು.

ದಡ ಹತ್ತಿದರೆ ಯಾರೂ ಇಲ್ಲ. ಒದ್ದೆ ಮಣ್ಣಿನಲ್ಲಿ ನಾವು ಬರುವಾಗ ಮೂಡಿದ್ದ ನಮ್ಮ ಹೆಜ್ಜೆಗಳಷ್ಟೇ ಇದ್ದವು. ‘ಅಕ್ಕಾ’ ಎಂದು ಕೂಗಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದ ಸದ್ದಾಯಿತು. ತಿರುಗಿದರೆ ಕೆಂಪು ನೀರು ಮರಮಟ್ಟು ಹೊತ್ತು ನುಗ್ಗುತ್ತಿತ್ತು. ಮೇಲೆಲ್ಲೋ ದೊಡ್ಡ ಮಳೆಯಾಗಿತ್ತು. ನೋಡುನೋಡುತ್ತಿದ್ದಂತೆ ದಿಬ್ಬವೂ ಇಲ್ಲ, ಜೊಂಡೂ ಇಲ್ಲ. ನನಗೆ ಈಜು ಬಾರದು. ಬಂದಿದ್ದರೂ ಆ ನೀರಿನಲ್ಲಿ ಉಪಯೋಗವಿರಲಿಲ್ಲ.

ಬದುಕಿದೆವೆಂದು ಸಂತೋಷಪಡುವ ಮೊದಲೇ ಇನ್ನೊಂದು ಭಯ ಹೊಕ್ಕಿತು. ಜೀವ ಹೋಗುವಾಗ ತಮ್ಮವರಿಗೆ ಕಾಣಿಸಿಕೊಳ್ಳುತ್ತಾರೆ ಎನ್ನುತ್ತಾರಲ್ಲ! ಗದ್ದೆ ಬದುವಿನ ಮೇಲೆ ಬಿದ್ದೆದ್ದು ಓಡಿದೆವು. ಏನನ್ನೂ ನಂಬದ ನಾನು ದಾರಿಯುದ್ದಕ್ಕೂ ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ.

ಅಕ್ಕ ಜಗಲಿಯ ಮೇಲೆ ಕಾಲು ಚಾಚಿಕೊಂಡು ರಾಗಿ ಕೇರುತ್ತಿದ್ದಳು. ‘ಏನ್ಲಾ ಇದು, ಎಮ್ಮೆಗಳಂಗೆ ಕೆಸ್ರು ಮೆತ್ಕೊಂಡು ಬಂದಿದ್ದೀರಾ!’ ಎಂದು ಬೈದಳು. ಆ ಬೈಗುಳದಷ್ಟು ಹಿತವಾದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅವಳ ಪಕ್ಕದಲ್ಲಿ ಕುಸಿದು ಅತ್ತುಬಿಟ್ಟೆ.

ಅವಳು ಮಧ್ಯಾಹ್ನದಿಂದ ಎದ್ದೇ ಇರಲಿಲ್ಲ. ನೆರೆಮನೆಯವರು ಜೊತೆಯಲ್ಲೇ ಕೂತಿದ್ದರು. ಒಬ್ಬನಿಗೆ ಭ್ರಮೆಯಾದೀತು, ಇಬ್ಬರಿಗೆ ಒಂದೇ ಭ್ರಮೆ ಹೇಗೆ? ಅವಳನ್ನು ದೆವ್ವವೆಂದು ನಂಬಿದ್ದರೆ ಅಲ್ಲೇ ಸಾಯುತ್ತಿದ್ದೆವು. ದೆವ್ವಗಳಿಲ್ಲವೆಂದು ನಂಬಿದ್ದರಿಂದ ಬದುಕಿದೆವು. ಇದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಇವತ್ತಿಗೂ ನನಗೆ ತಿಳಿಯದು.

ಊಟದ ಹೊತ್ತಿಗೆ ಅಕ್ಕ ಒಂದು ಎಲೆ ಹೆಚ್ಚಿಗೆ ಹಾಕಿಸಿ, ಮುದ್ದೆ ಇಟ್ಟು ಸಾರು ಬಿಟ್ಟಳು. ಉಳಿಸಿದವಳು ಯಾರೇ ಆಗಲಿ, ಅವಳಿಗೊಂದು ಎಡೆ ಇಡಬೇಕೆಂದು ಹಟ. ಎಡೆ ಇಡುವಾಗ ಹೆಸರು ಹೇಳಿ ಕರೆಯಬೇಕು. ಕೈಯಲ್ಲಿ ನೀರು ಹಿಡಿದು, ‘ಯಾರ ಎಸ್ರು ಏಳ್ಲಿ?’ ಎಂದು ನಮ್ಮ ಮುಖ ನೋಡಿದಳು.

ನಮಗೆ ಅವಳ ಹೆಸರಲ್ಲದೆ ಬೇರೆ ಯಾವ ಹೆಸರೂ ತೋಚಲಿಲ್ಲ. ಬದುಕಿರುವವರ ಹೆಸರಿಗೆ ಎಡೆ ಇಡುವುದುಂಟೆ? ಭಾವ ಆ ಎಲೆಯನ್ನು ಮೆಲ್ಲಗೆ ಅವಳ ಮುಂದಕ್ಕೆ ಎಳೆದರು.

‘ನಾವ್ ಕಂಡಿದ್ದು ನಿನ್ನೇಯ. ಕೂತ್ಕೊ, ನೀನೇ ಉಣ್ಣು’ ಎಂದರು.

ಯಾವಾಗಲೂ ನಾವು ಉಂಡೆದ್ದ ಮೇಲೆ ಉಣ್ಣುತ್ತಿದ್ದ ಅಕ್ಕ ಅಂದು ನಮ್ಮ ಜೊತೆ ಕೂತಳು. ಅವಳು ಮೊದಲ ತುತ್ತು ನುಂಗುವವರೆಗೆ ನಾವಿಬ್ಬರೂ ಎಲೆಗೆ ಕೈ ಹಾಕಲಿಲ್ಲ.